ಬಿಸಿಲು ತಿಂದ ರೀಲು

ನನ್ನ ಗಂಡನ ದೊಡ್ಡಮ್ಮ ಕೌಸಲ್ಯ, ನಮಗೆಲ್ಲ ಕೌಸು ವಲ್ಯಮ್ಮ, ಸರ್ಕಸ್ಸಿನಲ್ಲಿ ಉಯ್ಯಾಲೆಯಿಂದ ಉಯ್ಯಾಲೆಗೆ ಹಾರುತ್ತಿದ್ದವರು. ತಲಶ್ಶೇರಿಯಲ್ಲಿ ಇದೇನೂ ದೊಡ್ಡ ಸುದ್ದಿಯಲ್ಲ. ನಮ್ಮ ಬೀದಿಯಲ್ಲೇ ತಂತಿಯ ಮೇಲೆ ನಡೆದವಳೊಬ್ಬಳು, ಸಿಂಹದ ಬಾಯಲ್ಲಿ ತಲೆಯಿಟ್ಟು ಬಂದವನೊಬ್ಬ ಇದ್ದರು. ಆದರೆ ವಲ್ಯಮ್ಮನ ಮೊಮ್ಮಕ್ಕಳು ಬೆಳೆದದ್ದು ಮದರಾಸಿನಲ್ಲಿ. ಅಜ್ಜಿ ಹಾರುತ್ತಿದ್ದಳು ಎಂದರೆ ಅವು ಬಿದ್ದು ಬಿದ್ದು ನಗುತ್ತಿದ್ದವು. ತೋರಿಸೋಣವೆಂದರೆ ಒಂದು ಫೋಟೊ ಇರಲಿಲ್ಲ. ಕಂಪನಿಯವರು ದುಡ್ಡು ಕೊಟ್ಟು ತೆಗೆಸುತ್ತಿದ್ದದ್ದು ಆನೆ, ಹುಲಿಗಳ ಫೋಟೊ.

ಆ ವರ್ಷ ಮೀನ ಮಾಸದ ಉರಿ ಬಿಸಿಲಲ್ಲಿ ಜಾನು ಬಂದರು. ವಲ್ಯಮ್ಮ ಕೈಬಿಟ್ಟು ಹಾರಿದಾಗ ಎದುರಿನಿಂದ ತಲೆಕೆಳಗಾಗಿ ತೂಗಿ ಬಂದು ಅವರ ಮಣಿಕಟ್ಟು ಹಿಡಿಯುತ್ತಿದ್ದ ಗೆಳತಿ. ಮದುವೆಯಾಗಿ ಕೊಲ್ಲಂ ಕಡೆ ಹೋದ ಮೇಲೆ ಈ ಕಡೆ ತಲೆ ಹಾಕಿದ್ದೇ ಅಪರೂಪ. ಅಡುಗೆಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಕಲ್ಲುಮ್ಮಕಾಯಿ ಎಂಬ ಚಿಪ್ಪುಮೀನು ಹುರಿದದ್ದನ್ನು ಒಬ್ಬರೆಲೆಯಿಂದ ಒಬ್ಬರು ಕದ್ದು ತಿನ್ನುತ್ತಿದ್ದರು. ನನ್ನ ಗಂಡ ಪವಿತ್ರನ್, ನನ್ನ ಬಾಯಲ್ಲಿ ಪವಿಯೇಟ್ಟ, ಅದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದರು. ಸ್ಟುಡಿಯೊ ನಮ್ಮದೇ, ಹೊರಗಿನ ಕೆಲಸ ಅವರದು, ಕತ್ತಲಕೋಣೆ ನನ್ನದು.

ಕೈ ತೊಳೆದವರೇ ವಲ್ಯಮ್ಮ ಅಂದರು, "ಏ ಜಾನೂ, ಕಳರಿಗೆ ಹೋಗೋಣ ಬಾರೇ."

ಮಕ್ಕಳಿಗೆ ಸರ್ಕಸ್ ಕಲಿಸುವ ಕಳರಿ ನಮ್ಮ ಮನೆಯ ಹಿಂದೆಯೇ, ಸಮುದ್ರದ ಕಡೆಗಿತ್ತು.

"ನಿಂಗೇನು ತಲೆ ಕೆಟ್ಟಿದ್ಯಾ? ನಾನು ಹತ್ತಿದರೆ ಆ ಹಗ್ಗ ಅಯ್ಯೋ ಅಪ್ಪಾ ಅನ್ನತ್ತೆ."

"ಅನ್ಲಿ ಬಿಡು. ಹಗ್ಗ ಅಂದದ್ದು ಮದರಾಸಿನ ಮಕ್ಕಳಿಗೆ ಕೇಳ್ಸಲ್ಲ, ಫೋಟೊ ಮಾತ್ರ ಕಾಣತ್ತೆ. ಪವೀ, ನೀನು ಆ ಕ್ಯಾಮೆರಾ ಡಬ್ಬ ತಗೊಂಡು ಬಾ."

ಅಲ್ಲಿ ಮಕ್ಕಳಿಗೆಂದು ಎರಡಾಳೆತ್ತರದಲ್ಲಷ್ಟೇ ಕಟ್ಟಿದ್ದ ಎರಡು ಉಯ್ಯಾಲೆಗಳಿದ್ದವು. ಇಬ್ಬರೂ ಸೀರೆ ಬಿಚ್ಚಿಟ್ಟು ಕಪ್ಪು ಪೈಜಾಮ ತೊಟ್ಟರು. ಕೆಳಗೆ ಹಾಸಿದ ಚಾಪೆಗಳ ಮೇಲೆ ನಾನು ಎರಡು ದಿಂಬನ್ನೂ ಎಸೆದೆ. ಜಾನು ಮಂಡಿಯಲ್ಲಿ ಕೋಲು ಸಿಕ್ಕಿಸಿ ತಲೆಕೆಳಗಾಗಿ ಜೋತರು. ವಲ್ಯಮ್ಮ ಎದುರಿನಿಂದ ತೂಗತೊಡಗಿದರು. ಆ ದೇಹಕ್ಕೆ ಏನು ನೆನಪಾಯಿತೋ, ತೂಗಿದ ಹಾಗೆಲ್ಲ ಹಗುರಾಯಿತು.

"ಹಪ್!" ಎಂದು ಜಾನು ಕೂಗಿದರು. ವಲ್ಯಮ್ಮ ಕೈಬಿಟ್ಟರು. ಮಣಿಕಟ್ಟಿಗೆ ಮಣಿಕಟ್ಟು ಸಿಕ್ಕಿತು. ಇಬ್ಬರೂ ಒಂದೇ ಹಗ್ಗದಲ್ಲಿ ಅತ್ತಿತ್ತ ತೂಗಿದರು. ಪವಿಯೇಟ್ಟನ ಕ್ಯಾಮೆರಾ ಕ್ಲಿಕ್ ಕ್ಲಿಕ್ ಎನ್ನುತ್ತಲೇ ಇತ್ತು. ಆಮೇಲೆ ಇಬ್ಬರೂ ದಿಂಬಿನ ಮೇಲೆ ದೊಪ್ಪನೆ ಬಿದ್ದು, ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದ ಹಾಗೆ ಮಲಗಿದ್ದರು.

ವಲ್ಯಮ್ಮನ ಭುಜ ಉಳುಕಿತ್ತು. ಕಳರಿಯ ಗುರುಕ್ಕಳು ಎಣ್ಣೆ ತಿಕ್ಕಿ, ಬಟ್ಟೆ ಕಟ್ಟಿ, "ಇನ್ನು ಬಾವಿಯಿಂದ ನೀರು ಸೇದಿದ್ರೂ ನನ್ನ ಹತ್ರ ಬರಬೇಡಿ" ಎಂದು ಗದರಿದರು. ಜಾನು ಮರುದಿನ ಹೊರಡುವವರು.

ಸ್ಟುಡಿಯೊಗೆ ಬಂದು ಕ್ಯಾಮೆರಾ ಮೇಜಿನ ಮೇಲಿಟ್ಟ ಪವಿಯೇಟ್ಟ ಹಾಗೇ ಬೆಂಚಿನ ಮೇಲೆ ಕುಸಿದರು.

"ವಿಲಾಸಿನೀ, ಕಣ್ಣು ಮುಚ್ಚಲಿಲ್ಲ ಕಣೇ."

"ಯಾರ ಕಣ್ಣು?"

"ಲೆನ್ಸಿಂದು! ಅಡುಗೆಮನೇಲಿ ಕತ್ತಲೆ ಅಂತ ಪೂರ್ತಿ ತೆರೆದಿಟ್ಟಿದ್ದೆ. ಹೊರಗೆ ಬಂದು ಶಟರ್ ಜೋರು ಮಾಡಿದೆ, ಕಣ್ಣು ಕಿರಿದು ಮಾಡೋದು ಮರೆತೇಹೋಯ್ತು. ಆ ಮುದುಕಿ ಹಾರೋದು ನೋಡ್ತಾ ನನ್ನ ಜೀವಾನೇ ಬಾಯಿಗೆ ಬಂದಿತ್ತು."

ಬಯ್ಯಲು ಮನಸ್ಸು ಬರಲಿಲ್ಲ. ಇಪ್ಪತ್ತು ವರ್ಷ ಫೋಟೊ ತೆಗೆದ ಮನುಷ್ಯ ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ಕೂತಿದ್ದರು. ಮರಳಿನ ಮೇಲಿನ ಆ ಬಿಸಿಲೆಲ್ಲ ರೀಲಿನೊಳಗೆ ಹೋಗಿತ್ತು. ಎಂದಿನಂತೆ ತೊಳೆದರೆ ನೆಗೆಟಿವ್ ಡಾಂಬರಿನ ಹಾಗೆ ಕಪ್ಪಾಗುತ್ತದೆ. ಕಡಿಮೆ ತೊಳೆದರೆ ಅದೇ ರೀಲಿನ ಮೊದಲರ್ಧದ ಅಡುಗೆಮನೆಯ ಚಿತ್ರಗಳು ಮೂಡುವುದೇ ಇಲ್ಲ.

"ಕತ್ತರಿಸೋಣ" ಎಂದೆ. "ಎರಡು ತುಂಡು ಮಾಡಿ ಬೇರೆ ಬೇರೆ ತೊಳೆಯೋಣ."

"ಕತ್ತಲೇಲಿ ಎಲ್ಲಿ ಅಂತ ಕತ್ತರಿಸ್ತೀಯ? ಹಾರಿದ ಚಿತ್ರದ ಮೇಲೇ ಕತ್ತರಿ ಬಿದ್ದರೆ?"

ಅಷ್ಟರಲ್ಲಿ ಬಾಗಿಲಲ್ಲಿ ವಲ್ಯಮ್ಮ, ಕೈ ಕೊರಳಿಗೆ ಕಟ್ಟಿಕೊಂಡು. "ಏನೋ ಪವೀ, ಹಾಳು ಮಾಡ್ದ್ಯಾ?"

"ಇಲ್ಲ ವಲ್ಯಮ್ಮ, ಅದು..."

"ಸುಳ್ಳು ಹೇಳೋಕೆ ಬರ್ದೇ ಇರೋನು ಬಾಯಿ ಮುಚ್ಕೊಂಡಿರಬೇಕು. ಮನೆಗೆ ಹೋಗಿ ಜಾನು ಹತ್ರ ಕೂತ್ಕೋ. ನಾನು ವಿಲಾಸಿನಿ ಜೊತೆ ಇರ್ತೀನಿ."

ಮೀನುಪೇಟೆಯಿಂದ ಐಸು ತರಿಸಿ, ಬೆಚ್ಚಗಿದ್ದರೆ ರೀಲನ್ನು ಬೇಗ ಕಪ್ಪಾಗಿಸುವ ಮದ್ದಿನ ನೀರನ್ನು ತಣ್ಣಗೆ ಮಾಡಿದೆ. ಎರಡನೆಯ ತುಂಡಿಗೆಂದು ಅದನ್ನೇ ಇನ್ನಷ್ಟು ತೆಳ್ಳಗೆ ಮಾಡಿ ಬೇರೆ ಇಟ್ಟುಕೊಂಡೆ. ಕೋಣೆಯೆಲ್ಲ ಮತ್ತಿ ಮೀನಿನ ವಾಸನೆ. ದೀಪ ಆರಿಸಿ ರೀಲು ಬಿಚ್ಚಿ, ಬೆರಳಲ್ಲಿ ಉದ್ದ ನೋಡುತ್ತ ಹೋದೆ. ಕತ್ತರಿ ಹಿಡಿದ ಕೈ ಮುಂದಕ್ಕೆ ಹೋಗಲೊಲ್ಲದು.

"ಹೆದರಿಕೆನಾ ಮಗಳೇ?" ಕತ್ತಲಲ್ಲಿ ವಲ್ಯಮ್ಮನ ದನಿ ಪಕ್ಕದಲ್ಲೇ ಬಂತು.

"ಹೂಂ. ನಿಮಗೆ ಯಾವತ್ತೂ ಆಗ್ತಿರಲಿಲ್ವಾ?"

"ದಿನಾ ಆಗ್ತಿತ್ತು. ಆದರೆ ಯೋಚಿಸ್ತಾ ಕೂತರೆ ಉಯ್ಯಾಲೆ ವಾಪಸ್ ಹೋಗಿಬಿಡತ್ತೆ. ಕತ್ತರಿಸು. ಹೋದರೆ ಹೋಗ್ಲಿ. ಹಾರಿದ್ದಂತೂ ಹಾರಿದೆವಲ್ಲ."

ಕತ್ತರಿಸಿದೆ.

ಅಡುಗೆಮನೆಯ ತುಂಡು ಚೆನ್ನಾಗಿಯೇ ಬಂತು. ಕತ್ತರಿ ಬಿದ್ದದ್ದು ಊಟದ ಚಿತ್ರವೊಂದರ ಮೇಲೆ. ಜಾನು ಒಂದು ಕಡೆ, ಅವರ ಎಲೆ ಇನ್ನೊಂದು ಕಡೆ. ಎರಡನೆಯ ತುಂಡನ್ನು ತೆಳು ಮದ್ದಿನಲ್ಲಿ ಅದ್ದಿ, ಬೇಗನೆ ಎತ್ತಿ ತೊಳೆದೆ. ಆದರೂ ಬೆಳಕಿಗೆ ಹಿಡಿದಾಗ ಕಪ್ಪೋ ಕಪ್ಪು. ಕಣ್ಣಿಗೆ ಹತ್ತಿರ ತಂದು ನೋಡಿದೆ. ಆ ಕಪ್ಪಿನ ನಡುವೆ ಎರಡು ಚಿಕ್ಕ ಆಕೃತಿಗಳಿದ್ದವು.

ಅಚ್ಚು ಹಾಕುವಾಗ ದೀಪ ಹೊತ್ತಿಸಿ ಕಾಯುವುದೇ ಕಾಯುವುದು. ಸಾಮಾನ್ಯ ನೆಗೆಟಿವ್ ಆಗಿದ್ದರೆ ಅಷ್ಟು ಹೊತ್ತಿಗೆ ಕಾಗದ ಸುಟ್ಟು ಕರಿಯಾಗುತ್ತಿತ್ತು. ಕೊನೆಗೆ ಕಾಗದವನ್ನು ಮದ್ದಿನ ತಟ್ಟೆಯಲ್ಲಿ ಮುಳುಗಿಸಿದೆ. ಕೆಂಪು ಬೆಳಕಲ್ಲಿ ಮೊದಲು ಇಬ್ಬರ ಪೈಜಾಮ ಮೂಡಿತು, ಆಮೇಲೆ ನಾಲ್ಕು ಕೈ, ಆಮೇಲೆ ವಲ್ಯಮ್ಮನ ಮುಖ. ಬೇರೇನೂ ಮೂಡಲಿಲ್ಲ. ತೆಂಗಿನಮರ, ಹಗ್ಗ, ಮರಳು, ಎಲ್ಲವನ್ನೂ ಬಿಸಿಲು ತಿಂದುಹಾಕಿತ್ತು. ಬಿಳಿಯ ಬಯಲಲ್ಲಿ ಇಬ್ಬರು ಹೆಂಗಸರು ಒಬ್ಬರ ಮಣಿಕಟ್ಟನ್ನೊಬ್ಬರು ಹಿಡಿದು ತೂಗುತ್ತಿದ್ದರು.

ವಲ್ಯಮ್ಮ ನೋವಿಲ್ಲದ ಕೈಯಿಂದ ನನ್ನ ಬೆನ್ನು ಸವರಿದರು. "ನೆಲ ಎಲ್ಲೇ?"

"ಹೋಯ್ತು ವಲ್ಯಮ್ಮ."

"ಹೋಗ್ಲಿ ಬಿಡು. ಮೇಲಿದ್ದಾಗ ನಮಗೂ ಕಾಣ್ತಿರಲಿಲ್ಲ."

ಜಾನು ಮಾತ್ರ ಫೋಟೊ ನೋಡಿ ಮುಖ ಸಿಂಡರಿಸಿದರು. "ಥೂ, ಕೊಂಬೆಯಲ್ಲಿ ಹಲಸಿನಹಣ್ಣು ಜೋತ ಹಾಗಿದೀನಿ." ಆದರೆ ರೈಲು ಹತ್ತುವಾಗ ಅದನ್ನು ಪೆಟ್ಟಿಗೆಯೊಳಗೆ ಇಡಲೊಪ್ಪದೆ ಎದೆಗೆ ಒತ್ತಿಕೊಂಡೇ ಕೂತರು. ಪವಿಯೇಟ್ಟ ಕಿಟಕಿಯ ಬಳಿ ನಿಂತು ತಪ್ಪೊಪ್ಪಿಕೊಳ್ಳಲು ಹೊರಟಾಗ ವಲ್ಯಮ್ಮ ಅವರ ಕಾಲು ತುಳಿದರು.

ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದವು. ಗೋಡೆಯ ಮೇಲಿನ ಫೋಟೊದ ಮುಂದೆ ನಿಂತವು ಅಲ್ಲೇ ನಿಂತುಬಿಟ್ಟವು.

"ಅಮ್ಮಮ್ಮಾ, ಇದು ಎಷ್ಟು ಎತ್ತರದಲ್ಲಿ?" ಎಂದು ಚಿಕ್ಕದು ಕೇಳಿತು.

ವಲ್ಯಮ್ಮ ಕಿಟಕಿಯಾಚೆಗೆ ನೋಡಿ, ನೆಟ್ಟಗೆ ಕೂತು, ಅಂಗಳದ ತೆಂಗಿನಮರದ ತುದಿ ತೋರಿಸಿದರು. "ಅದಕ್ಕಿಂತ ಒಂದು ಗೇಣು ಮೇಲೆ."

ಪವಿಯೇಟ್ಟ ನನ್ನ ಮುಖ ನೋಡಿದರು. ನಾನು ಮಕ್ಕಳಿಗೆ ಬಾಳೆಹಣ್ಣು ಸುಲಿಯತೊಡಗಿದೆ.