ಒಂದೇ ಹೆಸರಿನ ಎರಡು ಟ್ಯೂಬು

ನಾಗಾಸಾಕಿಯಲ್ಲಿ, ಗುಡ್ಡದ ಬುಡದ ಟ್ರಾಮ್ ನಿಲ್ದಾಣಕ್ಕೆ ಎದುರಾಗಿ ಡಾಕ್ಟರ್ ಕುಸುಮೊತೊ ಅವರ ಮೂಳೆ ಆಸ್ಪತ್ರೆ. ಅಲ್ಲಿಗೆ ಬರುವವರಲ್ಲಿ ಹತ್ತಕ್ಕೆ ಏಳು ಜನ ಮೊಣಕಾಲಿನವರೇ. ಮನೆಗಳೆಲ್ಲ ಮೇಲೆ, ಅಂಗಡಿಗಳೆಲ್ಲ ಕೆಳಗೆ, ನಡುವೆ ಕಾರು ಹತ್ತದ ಕಲ್ಲಿನ ಮೆಟ್ಟಿಲು. ಅಂಥ ಊರಲ್ಲಿ ಮೊಣಕಾಲು ಸವೆಯದೆ ಇನ್ನೇನಾದೀತು?

ಮಾತ್ರೆಗೆ ಬಗ್ಗದ, ಆಪರೇಷನ್ನಿಗೆ ಒಪ್ಪದ ಮೊಣಕಾಲುಗಳಿಗೆ ಡಾಕ್ಟರು ಮೂರು ವರ್ಷದಿಂದ ಬೇರೊಂದು ಚಿಕಿತ್ಸೆ ಕೊಡುತ್ತಿದ್ದರು. ರೋಗಿಯ ತೋಳಿನಿಂದಲೇ ರಕ್ತ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಕೆಂಪು ಕೆಳಗಿಳಿದ ಮೇಲೆ ನಿಂತ ಹಳದಿ ತಿಳಿಯನ್ನು ಮೊಣಕಾಲಿಗೆ ಚುಚ್ಚುವುದು. ಕೆಲವರಿಗೆ ಗುಣ ಕಂಡಿತ್ತು, ಕೆಲವರಿಗೆ ಇಲ್ಲ.

ರಕ್ತ ತೆಗೆಯುವುದೂ ತಿರುಗಿಸುವುದೂ ನರ್ಸ್ ಸತೊಮಿಯ ಕೆಲಸ. ಇಪ್ಪತ್ತೆಂಟು ವರ್ಷದ ಅನುಭವ ಅವಳದು. ಎಂಥ ಮುದಿ ತೋಳಿನಲ್ಲೂ ಒಂದೇ ಸಲಕ್ಕೆ ನರ ಹಿಡಿಯುತ್ತಾಳೆ ಎಂದು ಹೆಸರು.

ಅಕ್ಟೋಬರಿನ ಆ ಗುರುವಾರ ಇಂಜೆಕ್ಷನ್ನಿಗೆ ಬಂದವರು ಇಬ್ಬರು. ಇಬ್ಬರ ಹೆಸರೂ ಉರಕಾವ ಮಿತ್ಸುಯೊ. ಜಪಾನಿನ ಚಿತ್ರಲಿಪಿಯಲ್ಲಿ ಬರೆಯುವ ಅಕ್ಷರ ಬೇರೆ, ಕೂಗಿದರೆ ಒಂದೇ. ಎಪ್ಪತ್ತೆರಡರ ಹಿರಿಯಾಕೆ ನಲವತ್ತು ವರ್ಷ ಆ ಮೆಟ್ಟಿಲುಗಳ ಮೇಲೆ ಮನೆಮನೆಗೆ ಹಾಲಿನ ಬಾಟಲಿ ಹೊತ್ತವಳು. ಸತೊಮಿಯನ್ನು, ಅವಳು ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಿಂದ ಬಲ್ಲವಳು. ಅರವತ್ತಾರರ ಕಿರಿಯಾಕೆ ಹೊಲಿಗೆಯವಳು, ಮೆಲುಮಾತಿನ ಹೆಂಗಸು. ನೆಂಟಸ್ತಿಕೆ ಏನೂ ಇಲ್ಲದ ಇವರನ್ನು ಆಸ್ಪತ್ರೆಯವರು ಹಾಲಿನ ಮಿತ್ಸುಯೊ, ಹೊಲಿಗೆ ಮಿತ್ಸುಯೊ ಎಂದೇ ಕರೆಯುತ್ತಿದ್ದರು.

ಅವತ್ತು ಚೀಟಿ ಮುದ್ರಿಸುವ ಯಂತ್ರ ಕೆಟ್ಟಿತ್ತು. ಸತೊಮಿ ಇಬ್ಬರ ರಕ್ತವನ್ನೂ ಒಬ್ಬರ ಹಿಂದೊಬ್ಬರಂತೆ ತೆಗೆದು, ಟ್ಯೂಬುಗಳ ಮೇಲೆ ಪೆನ್ನಿನಿಂದ ಹೆಸರನ್ನು ಚಿತ್ರಲಿಪಿಯ ಬದಲು ಉಚ್ಚಾರದ ಸುಲಭ ಅಕ್ಷರದಲ್ಲಿ ಬರೆದಳು. ಹುಟ್ಟಿದ ದಿನ ಬರೆಯಬೇಕು, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಾತು ಮುಗಿಸಿ ಬಂದವಳೇ ಎರಡು ಟ್ಯೂಬನ್ನೂ ಎದುರುಬದುರಾಗಿ ಯಂತ್ರಕ್ಕಿಟ್ಟು ಮುಚ್ಚಳ ಹಾಕಿದಳು. ಯಂತ್ರ ಅಲುಗದಿರಲು ಎದುರುಬದಿಗೆ ಸಮತೂಕ ಬೇಕು; ಒಂದರ ತೂಕಕ್ಕೆ ಇನ್ನೊಂದು ಸರಿಹೋಗುತ್ತದೆ, ನೀರಿನ ಟ್ಯೂಬು ಹುಡುಕುವ ಗೊಡವೆ ಇಲ್ಲ.

ಯಂತ್ರ ನಿಂತಿತು. ಒಂದನ್ನು ತೆಗೆದು ಹಳದಿ ತಿಳಿಯನ್ನು ಸಿರಿಂಜಿಗೆ ತುಂಬಿ ಕೊಟ್ಟಳು. ಡಾಕ್ಟರು ಹಾಲಿನ ಮಿತ್ಸುಯೊಳ ಬಲಮೊಣಕಾಲಿಗೆ ಚುಚ್ಚಿದರು.

"ಅಯ್ಯೋ ನಿಧಾನ ಡಾಕ್ಟ್ರೇ! ನಂದೇ ರಕ್ತ ನಂಗೇ ವಾಪಸ್ ಕೊಡೋಕೆ ಇಷ್ಟು ನೋಯಿಸ್ಬೇಕಾ?"

"ಮುಗೀತು, ಮುಗೀತು. ಇಪ್ಪತ್ತು ನಿಮಿಷ ಮಲಗಿರಿ."

ಸತೊಮಿ ಒಳಗೆ ಬಂದು ಎರಡನೆಯ ಟ್ಯೂಬನ್ನು ಕೈಗೆತ್ತಿಕೊಂಡಳು. ಹುಟ್ಟಿದ ದಿನ ನೋಡೋಣವೆಂದು ತಿರುಗಿಸಿದಳು. ಇರಲಿಲ್ಲ. ತಟ್ಟೆಯಲ್ಲಿದ್ದ, ತಿಳಿ ಖಾಲಿಯಾದ ಟ್ಯೂಬನ್ನು ನೋಡಿದಳು. ಅದರ ಮೇಲೂ ಇರಲಿಲ್ಲ. ಎರಡರ ಮೇಲೂ ಅವಳದೇ ಕೈಬರಹ, ಅದೇ ಹೆಸರು. ಯಂತ್ರದ ಗಾಲಿ ತಿರುಗಿ ಎಲ್ಲಿ ಬೇಕೋ ಅಲ್ಲಿ ನಿಂತಿತ್ತು. ಯಾವುದನ್ನು ಯಾವ ಕಡೆ ಇಟ್ಟಿದ್ದೆ, ತೆಗೆದದ್ದು ಯಾವುದು?

ಹೊಲಿಗೆ ಮಿತ್ಸುಯೊಳ ಕಡತ ಮೇಜಿನ ಮೇಲೆ ತೆರೆದೇ ಇತ್ತು. ಮೊದಲ ಪುಟದಲ್ಲಿ ಡಾಕ್ಟರ ಅಕ್ಷರ: ಹೆಪಟೈಟಿಸ್ ಸಿ, ಚಿಕಿತ್ಸೆಯಾಗಿದೆ, ಆರು ವರ್ಷದಿಂದ ವೈರಸ್ ಇಲ್ಲ.

ಸತೊಮಿ ಓಡಲಿಲ್ಲ. ಓಡಿದರೆ ಹೊರಗೆ ಕೂತವರಿಗೆ ತಿಳಿಯುತ್ತದೆ. ನಡೆದುಹೋಗಿ ಡಾಕ್ಟರನ್ನು ಒಳಕೋಣೆಗೆ ಕರೆದು, ಬಾಗಿಲು ಹಾಕಿ, ನಡೆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು.

ಡಾಕ್ಟರು ಟ್ಯೂಬುಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಇಪ್ಪತ್ತೆಂಟು ವರ್ಷ ಆಯ್ತಲ್ರೀ ನಿಮಗೆ!"

"ಹೌದು ಡಾಕ್ಟ್ರೇ. ತಪ್ಪು ನಂದೇ."

"ತಪ್ಪಾಗಿದೆಯೋ ಇಲ್ವೋ ಇನ್ನೂ ಗೊತ್ತಿಲ್ಲ. ಕೆಳಗಡೆ ಕೆಂಪು ಉಳಿದಿದೆ. ರಕ್ತದ ಗುಂಪು ನೋಡಿದ್ರೆ ತಿಳಿಯುತ್ತೆ. ಹಾಲಿನವರದ್ದು ಬಿ, ಹೊಲಿಗೆಯವರದ್ದು ಎ. ದೊಡ್ಡಾಸ್ಪತ್ರೆ ಲ್ಯಾಬಿನವರು ಅರ್ಧ ಗಂಟೇಲಿ ಹೇಳ್ತಾರೆ." ಅವರು ದನಿ ತಗ್ಗಿಸಿದರು. "ಅಲ್ಲಿವರೆಗೂ ಯಾರಿಗೂ ಏನೂ ಹೇಳ್ಬೇಡಿ. ಖಾಲಿ ಟ್ಯೂಬು ಬಿ ಅಂತ ಬಂದ್ರೆ ಸುಮ್ನೆ ಯಾಕೆ ಹೆದರಿಸೋದು?"

"ಎ ಅಂತ ಬಂದ್ರೆ?"

"ಆಗ ಹೇಳೋಣ."

"ಆ ಅರ್ಧ ಗಂಟೆ ನೀವೇನ್ ಮಾಡ್ತಿದ್ರಿ ಅಂತ ಕೇಳ್ತಾರಲ್ಲ ಡಾಕ್ಟ್ರೇ. ಟೀ ಕೊಟ್ಟು ಕೂರಿಸಿದ್ವಿ ಅಂತ ಹೇಳೋದಾ?"

ಡಾಕ್ಟರಿಗೆ ಸಿಟ್ಟು ಬಂತು. ಸತೊಮಿ ತಮ್ಮ ಎದುರು ಹೀಗೆ ನಿಂತದ್ದು ಇದೇ ಮೊದಲು.

"ನಡೀರಿ," ಎಂದರು ಕೊನೆಗೆ. "ನಾನೇ ಹೇಳ್ತೀನಿ."

ಹಾಲಿನ ಮಿತ್ಸುಯೊ ಮಂಚದ ಮೇಲೆ ಮಲಗಿ ಕಿಟಕಿಯಾಚೆಯ ಹಡಗು ನೋಡುತ್ತಿದ್ದಳು. ಇಬ್ಬರೂ ಬಂದು ಕ್ಷಮೆ ಕೇಳುವಂತೆ ಸೊಂಟ ಬಾಗಿಸಿದಾಗಲೇ ಆಕೆಗೆ ಅನುಮಾನ ಬಂತು. ಡಾಕ್ಟರು ನಡೆದದ್ದನ್ನು ಹೇಳಿದರು.

"ಅಂದ್ರೆ ನನ್ನ ಕಾಲೊಳಗೆ ಇನ್ಯಾರದ್ದೋ ರಕ್ತ ಇರಬಹುದು."

"ಇರಬಹುದು. ಇಲ್ದೇನೂ ಇರಬಹುದು."

"ತೆಗೆದುಬಿಡಿ ಮತ್ತೆ."

"ಎಳೆದು, ತೊಳೀಬಹುದು. ಅಷ್ಟೂ ವಾಪಸ್ ಬರಲ್ಲ. ನಿಮ್ಮದೇ ಆಗಿದ್ರೆ ಸುಮ್ನೆ ಇನ್ನೊಂದು ಸೂಜಿ."

"ಯಾರದ್ದು ಆ ರಕ್ತ? ಅವ್ರಿಗೇನಾದ್ರೂ ಕಾಯಿಲೆ ಇದೆಯಾ?"

ಡಾಕ್ಟರು ಸುಮ್ಮನಾದರು. ಒಬ್ಬ ರೋಗಿಯ ಕಾಯಿಲೆಯನ್ನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ಆ ಮೌನವೇ ಆಕೆಗೆ ಸಾಕಾಯಿತು.

"ಸತೊಮಿ, ನೀನಾದ್ರೂ ಹೇಳೇ. ನಿನ್ನನ್ನ ಪುಟ್ಟ ಹುಡುಗಿ ಆಗಿದ್ದಾಗಿಂದ ನೋಡಿದೀನಿ. ಸುಳ್ಳು ಹೇಳಿದ್ರೆ ನಿನ್ನ ಕಿವಿ ಕೆಂಪಗಾಗುತ್ತೆ."

"ಅವರನ್ನ ಕೇಳದೆ ನಾನು ಹೇಳೋ ಹಾಗಿಲ್ಲ, ಮಿತ್ಸುಯೊ ಅವರೇ. ಈಗ್ಲೇ ಹೋಗಿ ಕೇಳ್ತೀನಿ."

ಊಟದ ಬಿಡುವಿಗೆ ಹೊರಬಾಗಿಲು ಮುಚ್ಚಿದ್ದರು. ಡಾಕ್ಟರು ಎರಡು ಟ್ಯೂಬನ್ನೂ ಐಸಿನ ಚೀಲದಲ್ಲಿಟ್ಟುಕೊಂಡು, ಬಿಳಿ ಕೋಟು ಕಳಚುವುದನ್ನೂ ಮರೆತು, ಟ್ಯಾಕ್ಸಿ ಹತ್ತಿದರು.

ಹೊರಗಿನ ಬೆಂಚಿನಲ್ಲಿ ಹೊಲಿಗೆ ಮಿತ್ಸುಯೊ ಒಬ್ಬಳೇ ತನ್ನ ಸರದಿ ಕಾಯುತ್ತಿದ್ದಳು. ಸತೊಮಿ ಅವಳ ಕಾಲ ಬುಡದಲ್ಲೇ ಕುಳಿತು ಎಲ್ಲ ಹೇಳಿದಳು. ಆಕೆ ಕೇಳುತ್ತ ಕೇಳುತ್ತ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನನ್ನ ಸೊಸೆಗೂ ಗೊತ್ತಿಲ್ಲ ಈ ವಿಷ್ಯ. ಮೊಮ್ಮಗಳನ್ನ ಎತ್ಕೊಳ್ಳೋಕೆ ಬಿಡ್ತಾಳೋ ಇಲ್ವೋ ಅಂತ ಹೇಳೇ ಇಲ್ಲ."

"ಹೇಳಬೇಡಿ ಅಂದ್ರೆ ನಾವು ಹೇಳಲ್ಲ. ನಿಮ್ಮ ಇಷ್ಟ."

ಹೊರಗೆ ಟ್ರಾಮೊಂದು ಬಂದು, ನಿಂತು, ಹೋಯಿತು.

"ಮಗನ ಹೆರಿಗೇಲಿ ನಂಗೆ ರಕ್ತ ಹಾಕಿದ್ರು. ಅದರಿಂದ್ಲೇ ಬಂದಿದ್ದು ಇದು. ಇಪ್ಪತ್ತು ವರ್ಷ ಯಾರೂ ನಂಗೆ ಹೇಳ್ಲಿಲ್ಲ. ಗೊತ್ತಿದ್ದೋರೂ ಹೇಳ್ಲಿಲ್ಲ." ಆಕೆ ಗೋಡೆ ಹಿಡಿದು ಎದ್ದಳು. "ನಡೀರಿ, ನಾನೇ ಹೋಗಿ ಹೇಳ್ತೀನಿ."

ಒಳಗೆ ಹೋಗಿ ಮಂಚದ ಪಕ್ಕ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನಾನು ಉರಕಾವ ಮಿತ್ಸುಯೊ."

"ನಾನೂ ಅವಳೇ."

ಯಾರೂ ನಗಲಿಲ್ಲ. ಹೊಲಿಗೆಯವಳು ನೇರವಾಗಿ ಹೇಳಿದಳು: ಯಾವ ಕಾಯಿಲೆ, ಎಲ್ಲಿಂದ ಬಂತು, ಯಾವ ಮಾತ್ರೆಯಲ್ಲಿ ಹೋಯಿತು, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತಿರುವುದು.

"ಈಗ ಏನೂ ಇಲ್ಲ ಅಂತಾರೆ. ಆದ್ರೂ ನಿಮಗೆ ಭಯ ಆಗುತ್ತೆ. ಆಗ್ಲೇಬೇಕು. ನಂಗೂ ಆಗಿತ್ತು."

ಹಾಲಿನ ಮಿತ್ಸುಯೊ ಗೋಡೆ ಕಡೆ ಮುಖ ತಿರುಗಿಸಿದಳು. "ಹೊರಗೆ ಹೋಗಿ," ಎಂದಳು. "ಎಲ್ಲರೂ ಹೋಗಿ."

ಹೊಲಿಗೆಯವಳು ಬಾಗಿಲವರೆಗೆ ಹೋದಳು. ಮೊಣಕಾಲು ಕೈಕೊಟ್ಟು ಒಮ್ಮೆ ತೂರಾಡಿ ಚೌಕಟ್ಟು ಹಿಡಿದುಕೊಂಡಳು. ಆ ಸಪ್ಪಳಕ್ಕೆ ಹಾಲಿನವಳು ತಿರುಗಿ ನೋಡಿದಳು.

"ಎಷ್ಟು ಮೆಟ್ಟಿಲು ನಿಮ್ಮನೆಗೆ?"

"ನೂರ ಎಂಬತ್ತು."

"ಕೂತ್ಕೊಳ್ಳಿ ಅಲ್ಲೇ. ಆ ಕಾಲಲ್ಲಿ ಎಲ್ಲಿಗೆ ಅಂತ ಹೋಗ್ತೀರಿ?"

ಹೀಗೆ ಮೂವರೂ ಆ ಕೋಣೆಯಲ್ಲಿ ಕಾದರು. ಸತೊಮಿ ಗೋಡೆಗೊರಗಿ ನಿಂತಿದ್ದಳು. ಗಡಿಯಾರದ ಮುಳ್ಳು ಅರ್ಧ ಗಂಟೆ ದಾಟಿತು, ಫೋನಿಲ್ಲ. ನಲವತ್ತು ನಿಮಿಷ, ಫೋನಿಲ್ಲ. ತನ್ನ ಮೊಣಕಾಲು ಬಿಸಿಯಾಗುತ್ತಿದೆ ಎಂದಳು ಹಾಲಿನ ಮಿತ್ಸುಯೊ. ಸತೊಮಿ ಮುಟ್ಟಿ ನೋಡಿದಳು. ಬಿಸಿ ಇತ್ತು. ಸ್ವಂತ ರಕ್ತ ಹಾಕಿದರೂ ಹೀಗಾಗುತ್ತದೆ ಎಂದು ಅವಳಿಗೆ ಗೊತ್ತು. ಆದರೂ ಆ ಬಿಸಿ ಅವಳ ಅಂಗೈಗೆ ಅಂಟಿಕೊಂಡ ಹಾಗಾಯಿತು.

"ನಿಮ್ಮದು ಬಿ ಅನ್ನೋದು ಖಚಿತ ತಾನೆ?" ಎಂದು ಹೊಲಿಗೆಯವಳು ಮೆಲ್ಲಗೆ ಕೇಳಿದಳು.

"ಖಚಿತವಾ? ಬಿ ಗುಂಪಿನವ್ರು ಹಟಮಾರಿಗಳು ಅಂತ ಊರೆಲ್ಲ ಅನ್ನುತ್ತಲ್ಲ, ಜಗಳ ಬಂದಾಗಲೆಲ್ಲ ನನ್ನ ಗಂಡ, ಬಿ ಗುಂಪಿನ ಹೆಣ್ಣನ್ನ ಕಟ್ಕೊಂಡು ಕೆಟ್ಟೆ ಅಂತಿದ್ದ."

ಐವತ್ತನೆಯ ನಿಮಿಷಕ್ಕೆ ಫೋನು ಬಂತು. ಸತೊಮಿ ಎತ್ತಿಕೊಂಡಳು.

"ಖಾಲಿ ಟ್ಯೂಬು ಬಿ," ಎಂದರು ಡಾಕ್ಟರು. "ಎರಡು ಸಲ ನೋಡಿದ್ರು. ತುಂಬಿರೋದು ಎ. ಹಾಲಿನವರದ್ದೇ ಅವರಿಗೆ ಹೋಗಿದೆ."

ಸತೊಮಿ ಅದನ್ನೇ ಜೋರಾಗಿ ಹೇಳಿದಳು. ಹಾಲಿನ ಮಿತ್ಸುಯೊ ಎರಡು ಕೈಯಿಂದ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಸತೊಮಿಗೆ ಬಾಯಿಗೆ ಬಂದ ಹಾಗೆ ಬೈದಳು. ಸತೊಮಿ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡಳು. ಆಮೇಲೆ ಹಾಲಿನವಳು ಹೊಲಿಗೆಯವಳ ಕಡೆ ತಿರುಗಿದಳು.

"ನೀವು ಹೇಳ್ಬೇಕಾಗೇ ಇರ್ಲಿಲ್ಲ ನೋಡಿ. ಸುಮ್ಸುಮ್ನೆ ಹೇಳ್ಕೊಂಡ್ರಿ."

"ಪರವಾಗಿಲ್ಲ," ಎಂದಳು ಹೊಲಿಗೆಯವಳು. "ಒಂದ್ಸಲ ಬಾಯಿಂದ ಆಚೆ ಬಂತು."

ತುಂಬಿದ ಟ್ಯೂಬನ್ನು ಲ್ಯಾಬಿನಲ್ಲಿ ತೆರೆದಿದ್ದರಿಂದ ಅದನ್ನು ಚೆಲ್ಲಿ, ಹೊಸದಾಗಿ ರಕ್ತ ತೆಗೆಯಬೇಕಾಯಿತು. ಡಾಕ್ಟರು ಬೇರೆ ನರ್ಸನ್ನು ಕರೆಸುತ್ತೇನೆ ಎಂದರೂ ಹೊಲಿಗೆಯವಳು ತೋಳು ಚಾಚಿದ್ದು ಸತೊಮಿಯ ಮುಂದೆಯೇ. ಅವತ್ತು ಸತೊಮಿಗೆ ಮೊದಲ ಸಲಕ್ಕೆ ನರ ಸಿಗಲಿಲ್ಲ. ಎರಡನೆಯ ಸಲಕ್ಕೆ ಸಿಕ್ಕಿತು.

ಡಾಕ್ಟರು ನಡೆದದ್ದನ್ನೆಲ್ಲ ಬರೆದು ಆರೋಗ್ಯ ಇಲಾಖೆಗೆ ಕಳಿಸಿದರು. ಸತೊಮಿಯನ್ನು ಮೂರು ತಿಂಗಳು ರಕ್ತ ತೆಗೆಯುವ ಕೆಲಸದಿಂದ ದೂರ ಇಟ್ಟರು. ಈಗ ಒಮ್ಮೆಗೆ ಒಬ್ಬರ ರಕ್ತ ಮಾತ್ರ ಯಂತ್ರಕ್ಕೆ ಹೋಗುತ್ತದೆ, ಎದುರಿಗೆ ನೀರಿನ ಟ್ಯೂಬು.

ಹಾಲಿನ ಮಿತ್ಸುಯೊಳ ನೋವು ಹೊಸ ವರ್ಷದ ಹೊತ್ತಿಗೆ ಅರ್ಧ ಇಳಿದಿತ್ತು. ಹೊಲಿಗೆಯವಳಿಗೆ ಏನೂ ಗುಣವಾಗಲಿಲ್ಲ. ಏಪ್ರಿಲಿನಲ್ಲಿ ಅವಳು ಮೊಣಕಾಲು ಬದಲಿಸುವ ಆಪರೇಷನ್ ಮಾಡಿಸಿಕೊಂಡಳು. ಹಿಂದಿನ ದಿನ ಸೊಸೆಗೆ ಕಾಯಿಲೆಯ ವಿಷಯ ಹೇಳಿದಳು. ಸೊಸೆ, "ಅದಕ್ಕೇನಾ ಅತ್ತೆ, ನಮ್ಮನೆಗೆ ಬಂದಾಗ ನೇಲ್ ಕಟರ್ ಕೂಡ ನಮ್ಮದು ಮುಟ್ಟದೆ ನೀವೇ ತರ್ತಿದ್ದಿದ್ದು?" ಎಂದು ಕೇಳಿದಳಂತೆ. ಆಪರೇಷನ್ನಾದ ವಾರಕ್ಕೆ ಸೊಸೆ ಮಗುವನ್ನೂ ಕರೆದುಕೊಂಡು ಆಸ್ಪತ್ರೆಗೆ ಬಂದಳು. ಮಗು ಇಡೀ ಮಧ್ಯಾಹ್ನ ಅಜ್ಜಿಯ ಹಾಸಿಗೆಯಲ್ಲೇ ನಿದ್ದೆ ಮಾಡಿತು.