ಮೇಲಿನ ಗೀರು

ಕುತ್ತಿಗೆ ವಾಲದಿರಲೆಂದು ಕೂರಿಸಿದ್ದ ರೇಣುಕಪ್ರಸಾದನ ಶವದ ಹಣೆಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಹಿಂದಿನ ಗೋಡೆಯ ಮೊಳೆಗೆ ಬಿಗಿಯುತ್ತಿದ್ದಾಗಲೇ ಅವನ ಚಿಕ್ಕಪ್ಪ ತೋಂಟದಾರ್ಯ ಜಗಲಿ ಹತ್ತಿ ಬಂದರು. ಟವೆಲಿನ ಗಂಟು ಬಿಚ್ಚಿ, ಬೆರಳುದ್ದದ ಕಬ್ಬಿಣದ ತುಂಡೊಂದನ್ನು ಜೀವಿತಾಳ ಮುಂದೆ ಹಿಡಿದರು.

“ತೆಂಗಿನ ಮರದ ಬುಡದಾಗೆ ಈಗ ಸಿಕ್ತು. ಹತ್ತೋ ಯಂತ್ರದ ಕೊಕ್ಕೆ. ಗಂಡನ್ನ ಕಳ್ಕೊಂಡೋಳ್ನ ಕೇಳಬಾರ್ದು, ಆದ್ರೂ ನೀನು ಓದಿದೋಳು. ಆ ಮುಜಾಫರ್ ಬೆಸುಗೆ ಹಾಕಿದ್ದು ಇದಕ್ಕೇ ತಾನೆ?”

ಜೀವಿತಾ ತುಂಡನ್ನು ನೋಡಲಿಲ್ಲ. ಇಸಿದುಕೊಂಡು ಸೆರಗಿನೊಳಗೆ ಮುಷ್ಟಿ ಮುಚ್ಚಿದಳು. ನಿನ್ನೆ ಮಧ್ಯಾಹ್ನದಿಂದ ಅವಳಿಗೆ ಅಳು ಬಂದಿರಲಿಲ್ಲ. ಬಂದದ್ದು ಹೆದರಿಕೆಯೊಂದೇ.

“ಇದಕ್ಕೇ,” ಎಂದಳು.

“ಕೇಳುದ್ರೇನ್ರಪ್ಪ!” ತೋಂಟದಾರ್ಯ ಅಂಗಳದತ್ತ ತಿರುಗಿದರು. “ನಲವತ್ತು ಅಡಿ ಮ್ಯಾಲಿಂದ ನನ್ನ ಅಣ್ಣನ ಮಗ ಸುಮ್ಸುಮ್ನೆ ಬಿದ್ನಾ?”

“ಮಣ್ಣಿಗೆ ಬರ್ಲಿ ಅವನು. ಕೈ ಮುರಿದೇ ಕಳಿಸ್ತೀನಿ,” ಎಂದ ಅವರ ಮಗ ಜ್ಞಾನೇಶ.

ಹೆಂಗಸರ ಗುಂಪಿನಲ್ಲಿ ಪಕ್ಕದ ಮನೆಯ ಹೊಂಬಾಳಮ್ಮ ಮೂಗು ಒರೆಸಿಕೊಂಡಳು. “ಮರ ಹತ್ತೋರು ಸಿಗ್ದೇ ಇದ್ದಾಗ ನನ್ನ ನಾಕು ಮರಕ್ಕೂ ಇವನೇ ಗತಿ. ಹೆದರುಪುಕ್ಲ ಕಣೇ. ಯಂತ್ರಕ್ಕೆ ಕೈ ಮುಗ್ದು, ಮರಕ್ಕೆ ಮುಗ್ದು, ಕೊನೆಗೆ ನನಗೂ ಮುಗ್ದು ಹತ್ತೋನು. ಮ್ಯಾಲಿಂದ ‘ಹೊಂಬಾಳಜ್ಜೀ, ನಿನ್ನ ಸೊಸೆ ಬಸ್ ಇಳಿದ್ಲು, ಬಾಯಿ ಮುಚ್ಕೋ’ ಅಂತ ಕೂಗೋನು.”

ಯಾರೋ ಕಿಸಕ್ಕನೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಈಚೀಚೆಗೆ ಕೈ ಮುಗಿಯೋದ್ನೂ ಬುಟ್ಟಿದ್ದ. ಯಾಕ್ಲಾ ಅಂದ್ರೆ, ‘ನನ್ನ ಹೆಂಡ್ತಿ ನೋಡಿ ಹೇಳವ್ಳೆ, ಇನ್ನೇನು ಭಯ’ ಅಂದ. ಏನು ನೋಡಿದ್ಲೋ, ಏನು ಹೇಳಿದ್ಲೋ ನಾನು ಕೇಳ್ಲಿಲ್ಲ,” ಎಂದಳು ಹೊಂಬಾಳಮ್ಮ.

ಜೀವಿತಾ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಗವಾಕ್ಷಿಯ ಬೆಳಕಿಗೆ ತುಂಡನ್ನು ಹಿಡಿದಳು. ಒಂದು ತುದಿಯಲ್ಲಿ ಮುಜಾಫರ್ ಬೆಸೆದಿದ್ದ ಬಳೆ ಗಟ್ಟಿಯಾಗಿಯೇ ಇತ್ತು. ಮುರಿದದ್ದು ಇನ್ನೊಂದು ತುದಿ, ಕೊಕ್ಕೆ ಬಾಗುವ ಜಾಗ. ಮುರಿದ ಮುಖದ ಮುಕ್ಕಾಲು ಭಾಗ ಕಂದಿ ನುಣುಪಾಗಿತ್ತು. ಅದರ ಮೇಲೆ ಒಂದರ ಹಿಂದೊಂದು ಸಣ್ಣ ಕಮಾನುಗೆರೆಗಳು, ಬೇಸಿಗೆಯಲ್ಲಿ ಬೋರನಕಣಿವೆ ಜಲಾಶಯದ ನೀರು ಇಳಿಯುತ್ತ ದಂಡೆಯ ಮೇಲೆ ಬಿಟ್ಟುಹೋಗುವ ಗುರುತುಗಳ ಹಾಗೆ. ಉಳಿದ ಕಾಲು ಭಾಗ ಮಾತ್ರ ಹೊಸದಾಗಿ, ಹರಳು ಹರಳಾಗಿ ಹೊಳೆಯುತ್ತಿತ್ತು.

ನಿನ್ನೆ ಮುರಿದದ್ದು ಆ ಕಾಲು ಭಾಗ ಅಷ್ಟೇ. ಉಳಿದದ್ದು ತಿಂಗಳುಗಟ್ಟಲೆ, ಅವನು ಹತ್ತಿದಾಗಲೆಲ್ಲ ಕೂದಲೆಳೆಯಷ್ಟು ಮುಂದೆ ಸರಿದ ಬಿರುಕು. ಕಮಾನುಗಳೆಲ್ಲ ಹೊರಮೈಯ ಒಂದೇ ಗೀರಿನಿಂದ ಹೊರಟಿದ್ದವು.

ಆ ಗೀರು ಅವಳಿಗೆ ಗೊತ್ತಿತ್ತು.

*

ಎರಡು ತಿಂಗಳ ಹಿಂದೆ, ಯುಗಾದಿ ಮುಗಿದ ಮರುವಾರ. ಪಿಯು ಕಾಲೇಜಿನ ಉತ್ತರಪತ್ರಿಕೆಗಳನ್ನು ಮಡಿಲಲ್ಲಿಟ್ಟುಕೊಂಡು ಜೀವಿತಾ ಜಗಲಿಯ ಮೇಲೆ ಕೂತಿದ್ದಳು. ರೇಣುಕಪ್ರಸಾದ ಮರ ಹತ್ತುವ ಯಂತ್ರವನ್ನು ಎಳೆದುಕೊಂಡು ಬಂದ.

“ಮೇಡಮ್ಮೋರೇ, ಎಮ್ಮೆಸ್ಸಿಲಿ ಎರಡು ವರ್ಷ ಬರೀ ಮೇಲ್ಮೈನೇ ಓದಿದ್ರಂತಲ್ಲ. ಕೊಕ್ಕೆ ಬಾಗಿರೋ ಕಡೆ ಈ ಗೀರು ಒಂಚೂರು ನೋಡಿ.”

“ಯಾರ ಮೇಲ್ಮೈ ಬೇಕು ನಿಮಗೆ? ಗಣಿತದೋರದ್ದಾ, ನಮ್ಮ ಫಿಸಿಕ್ಸಿನೋರದ್ದಾ?”

“ಅದ್ರಾಗೂ ಜಾತಿ ಐತಾ?”

“ಇದೆ. ಗಣಿತದೋರಿಗೆ ಎಳೆದ್ರೂ ಬಗ್ಗಿಸಿದ್ರೂ ಹರಿಯದೆ ಇದ್ರೆ ಸಾಕು. ವಡೆನೂ ಕಾಫಿ ಕಪ್ಪೂ ಒಂದೇ ಅವರಿಗೆ. ಎರಡಕ್ಕೂ ಒಂದೊಂದು ತೂತು, ವಡೆಗೆ ನಡುವೆ, ಕಪ್ಪಿಗೆ ಹಿಡಿಯಲ್ಲಿ.”

“ಅದಕ್ಕೇ ನಿನ್ನ ಕಾಫಿ ಎಣ್ಣೆಎಣ್ಣೆ ಇರ್ತದೆ. ಗೀರಿಗೆ ಏನಂತಾರೆ?”

“ಅವರು ಗೀರನ್ನ ಲೆಕ್ಕಕ್ಕೇ ಇಡಲ್ಲ.”

“ನೀವು?”

“ಒಳಗಿನ ಪರಮಾಣುಗೆ ಸುತ್ತಲೂ ಹಿಡ್ಕೊಳ್ಳೋರು ಇರ್ತಾರೆ. ಮೇಲ್ಮೈಲಿ ಇರೋದಕ್ಕೆ ಆಚೆ ಕಡೆ ಯಾರೂ ಇಲ್ಲ. ಲೋಹ ಮುರಿಯೋಕೆ ಶುರುವಾಗೋದು ಸಾಮಾನ್ಯವಾಗಿ ಅಲ್ಲಿಂದ್ಲೇ.”

ಅವನ ನಗು ನಿಂತಿತು. “ಹಂಗಾದ್ರೆ ಹತ್ಲೋ ಬೇಡ್ವೋ? ನಂಗೆ ಭಯ ಆಗ್ತದೆ ಕಣೇ.”

ಇನ್ನೂ ಅರ್ಧ ಕಟ್ಟು ಪತ್ರಿಕೆ ಉಳಿದಿತ್ತು. ಕಾಲೇಜಿನ ಲ್ಯಾಬಿಗೆ ಒಯ್ದು ಭೂತಗನ್ನಡಿಯಲ್ಲಾದರೂ ನೋಡಬೇಕಾದದ್ದನ್ನು ಅವಳು ಹೆಬ್ಬೆರಳ ಉಗುರಿನಿಂದ ಸವರಿದಳು. ಉಗುರು ಎಲ್ಲೂ ತಡೆಯಲಿಲ್ಲ.

“ಬರೀ ಮೇಲಿನ ಗೀರು. ಏನೂ ಆಗಲ್ಲ, ಹತ್ತಿ.”

*

ತೋಟದಲ್ಲಿ ಗುಂಡಿ ಸಿದ್ಧವಾಗಿತ್ತು. ಕುಳಿತ ಭಂಗಿಯಲ್ಲೇ ಅವನನ್ನು ಇಳಿಸಿ, ಅಂಗೈಯಲ್ಲಿ ಲಿಂಗವಿಟ್ಟರು. ಬಂದವರೆಲ್ಲ ಬೊಗಸೆ ಬೊಗಸೆ ವಿಭೂತಿ, ಬಿಲ್ವಪತ್ರೆ ಹಾಕುತ್ತಿದ್ದರು. ಅತ್ತೆ ಶಿವರುದ್ರಮ್ಮ ಬೆಳಗಿನಿಂದ ಸೊಸೆಯ ಹೆಗಲನ್ನು ಬಿಟ್ಟಿರಲಿಲ್ಲ.

“ಬಂದ ನೋಡ್ಲಾ!” ಎಂಬ ಕೂಗು ಕೇಳಿತು. ಬದುವಿನ ಮೇಲೆ ಬರುತ್ತಿದ್ದ ಮುಜಾಫರನ ಕೊರಳಪಟ್ಟಿಯನ್ನು ಜ್ಞಾನೇಶ ಹಿಡಿದ. ಇಬ್ಬರು ಮೂವರು ಸುತ್ತುಗಟ್ಟಿದರು.

“ಯಜಮಾನ್ರೇ, ಪ್ರಸಾದನೂ ನಾನೂ ಒಂದೇ ಬೆಂಚಲ್ಲಿ ಕೂತು ಓದಿದೋರು,” ಮುಜಾಫರ್ ಬಿಡಿಸಿಕೊಳ್ಳಲಿಲ್ಲ. “ಮುಖ ನೋಡಿ ಹೋಗ್ತೀನಿ. ಆ ತುಂಡು ತೋರ್ಸಿ. ನನ್ನ ಬೆಸುಗೆ ಬಿಟ್ಟಿದ್ರೆ ನಾನೇ ಸ್ಟೇಷನ್ನಿಗೆ ಬತ್ತೀನಿ.”

“ನಮ್ಮ ಹುಡುಗಿನೇ ನೋಡಿ ಹೇಳಾಗೈತೆ ಕಣಯ್ಯ. ತೋರ್ಸವ್ವ,” ಎಂದರು ತೋಂಟದಾರ್ಯ.

ಜೀವಿತಾಳ ಸರದಿ ಬಂದಿತ್ತು. ಗುಂಡಿಯ ಅಂಚಿನಲ್ಲಿ ನಿಂತು, ತುಂಡಿನ ಜೊತೆಗೆ ವಿಭೂತಿಯನ್ನೂ ಹಿಡಿದ ಮುಷ್ಟಿಯನ್ನು ಅವಳು ಚಾಚಿದಳು. ವಿಭೂತಿಯ ಹಿಂದೆ ಉಪ್ಪು, ಉಪ್ಪಿನ ಹಿಂದೆ ಮಣ್ಣು. ಬೆರಳು ಸಡಿಲಿಸಿದರೆ ಸಾಕು, ಈ ಮುರಿದ ಮುಖವನ್ನು ಇನ್ನು ಯಾರೂ ಓದಲಾರರು. ಹೊಂಬಾಳಮ್ಮನೂ ಎರಡು ದಿನದಲ್ಲಿ ಮರೆಯುತ್ತಾಳೆ. ಮುಜಾಫರನ ಗತಿ ಏನೆಂಬುದು ಅವಳಿಗೆ ಕಾಣುತ್ತಲೇ ಇತ್ತು; ಅವನ ಅಂಗಿಯ ಮೇಲಿನ ಎರಡು ಗುಂಡಿ ಆಗಲೇ ಕಿತ್ತುಹೋಗಿದ್ದವು.

ಕೈ ಹಿಂದಕ್ಕೆ ಬಂತು.

“ಬೆಸುಗೆ ಬಿಟ್ಟಿಲ್ಲ, ಚಿಕ್ಕಮಾವ. ಅವನನ್ನ ಬಿಡಿ. ಇದು ಹಳೇ ಬಿರುಕು. ಎರಡು ತಿಂಗಳ ಹಿಂದೆ ಅವರು ನನಗೆ ತೋರಿಸಿದ್ರು.”

ಮಣ್ಣೆಳೆಯಲು ನಿಂತಿದ್ದವನು ಗುದ್ದಲಿಯನ್ನು ನೆಲಕ್ಕೂರಿದ. ಜ್ಞಾನೇಶನ ಕೈ ಸಡಿಲವಾಯಿತು. ಮುಜಾಫರ್ ತಲೆ ಎತ್ತಲಿಲ್ಲ.

ಕಿವಿಯ ಹತ್ತಿರ ಅತ್ತೆಯ ಉಸಿರು ಕೇಳಿಸಿತು. “ನೀನು ಏನಂದೆ ಅವನಿಗೆ?”

“ಹತ್ತಿ ಅಂದೆ, ಅತ್ತೆ.”

ಶಿವರುದ್ರಮ್ಮ ಹೆಗಲ ಮೇಲಿನ ಕೈ ತೆಗೆದರು. ಊರಿಕೊಳ್ಳಲು ಬೇರೇನೂ ಸಿಗದೆ ಆ ಕೈ ಗಾಳಿಯಲ್ಲೇ ನಿಂತಿತು. ಜೀವಿತಾಳ ಕಪ್ಪು ರವಿಕೆಯ ಮೇಲೆ ವಿಭೂತಿಯ ಐದು ಬೆರಳು ಹಾಗೆಯೇ ಮೂಡಿದ್ದವು.