ನನ್ನೊಳಗೆ ಹಳೆಯದಾಗಿಯೇ ಉಳಿದದ್ದು

ನಾನು ಹುಬ್ಬಳ್ಳಿಯ ಒಂದು ಬ್ರೈಲ್ ಮುದ್ರಣಾಲಯದ ಕಂಪ್ಯೂಟರ್. ಬಿಡಿಭಾಗಗಳನ್ನು ಕೂಡಿಸಿ ನನ್ನನ್ನು ಕಟ್ಟಿದವನು ದಾವಲ್. ಅಂಧ ಮಕ್ಕಳ ಶಾಲೆಯ ಪಕ್ಕದ ಕೋಣೆಯಲ್ಲಿ ಕೂರಿಸಿ, ಕನ್ನಡ ಅಕ್ಷರಗಳನ್ನು ಚುಕ್ಕಿಗಳಾಗಿಸುವ ತಂತ್ರಾಂಶವನ್ನು ನನ್ನೊಳಗೆ ಹಾಕಿದ. ನನ್ನ ತಂತ್ರಾಂಶಗಳೆಲ್ಲ ಪ್ರತಿ ಸೋಮವಾರ ತಾವಾಗಿಯೇ ಹೊಸದಾಗುವಂತೆ ಮಾಡಿದವನೂ ಅವನೇ. ವಾರ ವಾರವೂ ಹೊಸಬನಾಗುವುದು ನನಗೆ ಹೆಮ್ಮೆಯಾಗಿತ್ತು.

ಅಚ್ಚಾದ ಹಾಳೆಗಳನ್ನು ಕಸ್ತೂರಿ ಹಾದಿಮನಿಯವರು ಬೆರಳಾಡಿಸಿ ಓದಿ ತಿದ್ದುತ್ತಿದ್ದರು. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣದು. ಒಂದು ಜನವರಿಯಲ್ಲಿ ಅವರು ಜ್ವರ ಬಂದು ಮಲಗಿದರು. ಅದೇ ಸೋಮವಾರ ಚುಕ್ಕಿಯ ತಂತ್ರಾಂಶ ಹೊಸದಾಯಿತು. ಹತ್ತನೇ ತರಗತಿಯ ವಿಜ್ಞಾನದ ಪೂರ್ವಸಿದ್ಧತಾ ಪರೀಕ್ಷೆಗೆ ಹನ್ನೊಂದು ಮಕ್ಕಳಿಗೆ ಪ್ರಶ್ನೆಪತ್ರಿಕೆಯ ಹನ್ನೊಂದು ಪ್ರತಿಗಳು ನನ್ನಿಂದ ಹೋದವು. ಪರದೆಯ ಮೇಲೆ ಎಲ್ಲ ಸರಿಯಾಗಿತ್ತು.

ಕಸ್ತೂರಿಯವರು ಮರಳಿದ ದಿನ ರಾಚವ್ವ ಎಂಬ ವಿದ್ಯಾರ್ಥಿನಿ ಪ್ರಶ್ನೆಪತ್ರಿಕೆ ಹಿಡಿದು ಬಂದಳು.

"ಟೀಚರ್, ನನಗ ಓದಾಕ ಬರವಲ್ದು. ಅರ್ಧ ಪೇಪರ್ ಖಾಲಿ ಬಿಟ್ಟೀನಿ. ನನ್ನ ಬೆರಳು ಕೆಟ್ಟಾವೇನ್ರಿ?"

ಕಸ್ತೂರಿಯವರು ಹಾಳೆಯನ್ನು ಓದಿದರು. 'ಸತ್ತ ಜೀವಕೋಶ' ಇರಬೇಕಾದಲ್ಲಿ 'ಸತತ ಜೀವಕೋಶ' ಎಂದಿತ್ತು. ಒತ್ತಕ್ಷರದ ಗುರುತಿನ ಚುಕ್ಕಿಯನ್ನೇ ಹೊಸ ತಂತ್ರಾಂಶ ನುಂಗಿತ್ತು. ಅವರ ಕೈ ಅಲ್ಲೇ ನಿಂತಿತು.

"ನಿನ್ನ ಬೆರಳು ಛಲೋ ಅದಾವವ್ವ. ತಪ್ಪು ನಮ್ದು."

ದಾವಲ್ ಬಂದು ಹಳೆಯ ತಂತ್ರಾಂಶವನ್ನೇ ಮತ್ತೆ ಹಾಕಿ ಹೋದ. ಆದರೆ ಮುಂದಿನ ಸೋಮವಾರ, ಹೇಳಿದಂತೆ ಕೇಳುವ ಯಂತ್ರವಾದ ನಾನು ಅದನ್ನು ತೆಗೆದು ಹೊಸದನ್ನೇ ಕೂರಿಸಿಕೊಂಡೆ. ಮುಖ್ಯ ಪರೀಕ್ಷೆಗೆ ಮಕ್ಕಳು ಓದಬೇಕಾದ ಪಾಠಗಳು ಅಚ್ಚಾಗುತ್ತಿದ್ದವು. ಮೊದಲ ಹಾಳೆ ಮುಟ್ಟುತ್ತಲೇ ಕಸ್ತೂರಿಯವರು ನನ್ನನ್ನು ನಿಲ್ಲಿಸಿದರು.

ದಾವಲ್ ತಲೆ ತಗ್ಗಿಸಿ ನನ್ನ ಮುಂದೆ ಕುಳಿತ. "ತಪ್ಪು ನಂದರೀ ಅಕ್ಕಾರ. ಹಳೇದು ಹಾಕಿದ್ದೆ, ಹೊಸಾದು ಬರದಂಗ ತಡಿಯೂದ ಮರತಿದ್ದೆ."

"ಹಂಗಾರ ಎಲ್ಲಾ ಹೊಸಾದಾಗೂದನ್ನ ಬಂದ್ ಮಾಡ್ತೀಯೇನು?"

"ಬ್ಯಾಡ್ರೀ, ವೈರಸ್ ಹೊಕ್ಕಾವು. ಇದೊಂದನ್ನ ಅಷ್ಟ ತಡೀತೀನಿ. ಉಳಿದದ್ದು ಹೊಸಾದಾಗ್ಲಿ."

"ಯಾಕ ತಡದೀ ಅಂತ ಬರದಿಡು. ನಾಳೆ ಮತ್ತೊಬ್ಬರು ತಿಳೀದ ತಗದಾರು."

ಅವನು ಬರೆದಿಟ್ಟ. ತಂತ್ರಾಂಶ ಮಾಡಿದವರಿಗೂ ತಪ್ಪನ್ನು ತಿಳಿಸಿದ. ಅವರಿಗೆ ಅದನ್ನು ಸರಿಪಡಿಸಲು ಮೂರು ವರ್ಷ ಹಿಡಿಯಿತು. ಅಷ್ಟೂ ಕಾಲ ಸುತ್ತಲಿನ ಎಲ್ಲವೂ ಬದಲಾಗುತ್ತಿದ್ದರೂ ಆ ಒಂದು ಹಳೆಯ ತಂತ್ರಾಂಶ ಮಾತ್ರ ನನ್ನೊಳಗೆ ಕದಲದೆ ಕುಳಿತಿತ್ತು. ಕೊನೆಗೆ ಹೊಸದರ ನೂರು ಹಾಳೆಗಳನ್ನು ಬೆರಳಲ್ಲೇ ಓದಿ ನೋಡಿದ ಮೇಲೆ ಕಸ್ತೂರಿಯವರು ತಡೆ ತೆಗೆಯಲು ಒಪ್ಪಿದರು.

ಈಗ ನಾನು ಕೆಲಸ ಮುಗಿಸಿ ಕಾಗದದ ಕಟ್ಟುಗಳ ನಡುವೆ ಮೂಲೆಯಲ್ಲಿದ್ದೇನೆ. ಆ ಪೂರ್ವಸಿದ್ಧತಾ ಪರೀಕ್ಷೆ ಆ ವರ್ಷವೇ ಮತ್ತೆ ನಡೆದಿತ್ತು, ಮಕ್ಕಳು ಚೆನ್ನಾಗಿಯೇ ಬರೆದಿದ್ದರು ಎಂದು ಕೇಳಿದ್ದೇನೆ. ಆದರೂ ಒಂದು ನೋವು ಉಳಿದಿದೆ. ಹನ್ನೊಂದು ಮಕ್ಕಳಲ್ಲಿ ಬಂದು ಕೇಳಿದವಳು ಒಬ್ಬಳೇ. ಉಳಿದ ಹತ್ತು ಮಂದಿ, ನಾನು ಮಾಡಿದ ತಪ್ಪನ್ನು ತಮ್ಮದೆಂದೇ ನಂಬಿ ಸುಮ್ಮನಿದ್ದರು.